ಕನ್ನಡ ಕತ್ತರಿಸಿ ತೋರಿಸಿ ಎನ್ನಿ, ಆಮೇಲೆ ಯಂತ್ರ ಕೊಳ್ಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಿಮ್ಮ ಪತ್ರಿಕೆಯ ಸ್ವಉದ್ಯೋಗದ ಪುಟದಲ್ಲಿ ಸ್ಟಿಕರ್ ಕಟಿಂಗ್, ಅಂದರೆ ವಾಹನಕ್ಕೋ ಗಾಜಿಗೋ ಅಂಟಿಸುವ ಅಕ್ಷರಗಳನ್ನು ಯಂತ್ರದಲ್ಲಿ ಕತ್ತರಿಸುವ ಕಸುಬಿನ ಬಗ್ಗೆ ಬರಹ ಬಂದ ಮೇಲೆ ನನ್ನ ಅಂಗಡಿಗೆ ಗಿರಾಕಿಗಳಿಗಿಂತ ಸಲಹೆ ಕೇಳುವವರೇ ಹೆಚ್ಚಾಗಿದ್ದಾರೆ. ಬರಲಿ, ಬೇಸರವಿಲ್ಲ. ಆದರೆ ಬಂದವರೆಲ್ಲ ಕೇಳುವುದು ಒಂದೇ ಮಾತು: ಯಾವ ಕಂಪನಿಯ ಯಂತ್ರ ಕೊಳ್ಳಲಿ, ಎಷ್ಟು ಅಗಲದ್ದು ಕೊಳ್ಳಲಿ? ಆ ಬರಹದಲ್ಲಿಯೂ ಯಂತ್ರದ ಅಗಲ, ಬೆಲೆ, ತಿಂಗಳ ಲಾಭ ಇಷ್ಟೇ ಇದ್ದವು. ದಾವಣಗೆರೆಯಲ್ಲೋ ಹರಿಹರದಲ್ಲೋ ಅಂಗಡಿ ತೆರೆಯುವವರು ಬೆಳಗಿನಿಂದ ಸಂಜೆಯವರೆಗೆ ಕತ್ತರಿಸಬೇಕಾದದ್ದು ಕನ್ನಡ ಅಕ್ಷರ ಎಂಬುದನ್ನು ಬರೆದವರು ಮರೆತಂತಿತ್ತು. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕತ್ತರಿಸುವುದಾದರೆ ದಯವಿಟ್ಟು ಒತ್ತಕ್ಷರದ ಭಾಗವನ್ನು ಬಿಟ್ಟು ಬೇರೆ ಕಡೆ ಕತ್ತರಿಸಿ.

ನಾನು ಮಂಡಿಪೇಟೆಯ ಕಡೆ ಮುದ್ರಣಾಲಯವೊಂದರಲ್ಲಿ ಡಿಟಿಪಿ ಕೆಲಸದಲ್ಲಿದ್ದವಳು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ ಜೋಡಿಸುತ್ತಿದ್ದೆ. ಈಗ ಹಳೆ ಪಿ.ಬಿ. ರಸ್ತೆಯ ಒಳಭಾಗದಲ್ಲಿ ನನ್ನದೇ ಪುಟ್ಟ ಅಂಗಡಿ ಇದೆ. ಫಲಕದಲ್ಲಿ ‘ಸೈನ್ಸ್’ (ನಾಮಫಲಕಗಳು ಎಂಬ ಅರ್ಥದಲ್ಲಿ) ಎಂದಿದ್ದರೂ ಊರಿನವರಿಗೆ ಅದು ರೇಡಿಯಂ ಅಂಗಡಿ, ಆಟೊದವರಿಗೆ ನಾನು ರೇಡಿಯಂ ಅಕ್ಕ.

ಈ ಯಂತ್ರ ಮಾಡುವ ಕೆಲಸ ಕೇಳುವುದಕ್ಕೆ ಸರಳ. ವಿನೈಲ್ ಎಂಬ ಅಂಟಿರುವ ಪ್ಲಾಸ್ಟಿಕ್ ಹಾಳೆಯನ್ನು ಉರುಳೆಗಳು ಹಿಂದಕ್ಕೆ ಮುಂದಕ್ಕೆ ಎಳೆಯುತ್ತವೆ, ಅದರ ಮೇಲೆ ಪುಟ್ಟ ಬ್ಲೇಡ್ ಎಡಕ್ಕೂ ಬಲಕ್ಕೂ ಓಡುತ್ತದೆ. ಎರಡೂ ಚಲನೆ ಕೂಡಿದಾಗ ಅಕ್ಷರದ ಅಂಚು ಕತ್ತರಿಸಿಕೊಂಡು ಬರುತ್ತದೆ. ಮೇಲಿನ ವಿನೈಲ್ ಮಾತ್ರ ತುಂಡಾಗಬೇಕು, ಕೆಳಗಿನ ಕಾಗದಕ್ಕೆ ಉಗುರು ಗೀರಿದಷ್ಟು ಗುರುತು ಬಿದ್ದರೆ ಸಾಕು. ನಾವು ಬಳಸುವ ಸಾಮಾನ್ಯ ವಿನೈಲ್ ದಪ್ಪ ಸುಮಾರು 80 ಮೈಕ್ರಾನ್, ಮೇಲ್ದರ್ಜೆಯ ಕಾಸ್ಟ್ ವಿನೈಲ್ ಸುಮಾರು 50 ಮೈಕ್ರಾನ್. ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಅಲ್ಲ. ಕತ್ತರಿಸಿದ ಮೇಲೆ ಬೇಡದ ಭಾಗವನ್ನು ಚಿಮಟದಿಂದ ಎಬ್ಬಿಸಿ ತೆಗೆಯಬೇಕು. ನಮ್ಮಲ್ಲಿ ಇದಕ್ಕೆ ಬಿಡಿಸುವುದು ಎನ್ನುತ್ತೇವೆ. ಈ ಕಸುಬಿನಲ್ಲಿ ದುಡ್ಡು ಉಳಿಯುವುದೂ ಹೋಗುವುದೂ ಬಿಡಿಸುವ ಮೇಜಿನ ಮೇಲೆಯೇ. ಯಂತ್ರ ಹತ್ತು ನಿಮಿಷದಲ್ಲಿ ಕತ್ತರಿಸಿದ್ದನ್ನು ಬಿಡಿಸಲು ಅರ್ಧ ದಿನ ಹಿಡಿದರೆ ಲಾಭ ಎಲ್ಲಿಂದ ಬಂತು?

ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು, ಮೈ ತಾಗಿಸದೆ ನಿಲ್ಲುತ್ತವೆ. ಕನ್ನಡದ ರೀತಿ ಬೇರೆ. ಮೂಲಾಕ್ಷರ, ಕೊಂಬು, ದೀರ್ಘ, ಒತ್ತು ಇವೆಲ್ಲ ಫಾಂಟಿನೊಳಗೆ ಬೇರೆ ಬೇರೆ ತುಣುಕುಗಳಾಗಿ ಕುಳಿತಿರುತ್ತವೆ, ಟೈಪು ಮಾಡಿದಾಗ ಒಂದರ ಅಂಚಿನ ಮೇಲೆ ಇನ್ನೊಂದು ಏರುತ್ತದೆ. ಕಾಗದದ ಮೇಲೆ ಮುದ್ರಿಸಿದರೆ ಕಪ್ಪಿನ ಮೇಲೆ ಕಪ್ಪು ಬಿದ್ದು ಅದು ಕಾಣುವುದೇ ಇಲ್ಲ. ಲಗ್ನಪತ್ರಿಕೆ ಜೋಡಿಸುತ್ತಿದ್ದ ಕಾಲದಲ್ಲಿ ಇದನ್ನು ಗಮನಿಸುವ ಅಗತ್ಯವೇ ಬೀಳಲಿಲ್ಲ. ಬ್ಲೇಡಿಗೆ ಕಪ್ಪು ಬಿಳುಪು ತಿಳಿಯದು, ಅದಕ್ಕೆ ತಿಳಿಯುವುದು ಗೆರೆ ಮಾತ್ರ. ಪ್ರತಿಯೊಂದು ತುಣುಕಿನ ಅಂಚನ್ನೂ ಅದು ಪೂರ್ತಿ ಸುತ್ತಿ ಬರುತ್ತದೆ. ‘ಶ್ರೀ’ ಎಂದು ಕತ್ತರಿಸಿದರೆ ದೀರ್ಘ ಶಕಾರವನ್ನು ಸೇರುವಲ್ಲಿ ಒಂದು ಸೀಳು, ರಕಾರದ ಒತ್ತು ತಾಗುವಲ್ಲಿ ಇನ್ನೊಂದು ಸೀಳು. ಬಿಡಿಸುವಾಗ ಒತ್ತು ಕಸದ ಜೊತೆ ಎದ್ದು ಹೋಗುತ್ತದೆ. ಅದೃಷ್ಟವಿದ್ದು ಉಳಿದರೂ ಎರಡು ಬೇಸಿಗೆ ಬಿಸಿಲು ಬಿದ್ದ ಮೇಲೆ ಆ ಸೀಳಿನಿಂದಲೇ ಅಂಚು ಮುದುಡಿ ಮೇಲೇಳುತ್ತದೆ.

ಇದಕ್ಕೆ ಮದ್ದು ಇದೆ. ಕೋರೆಲ್ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಅಕ್ಷರಗಳನ್ನು ಕರ್ವ್ ಮಾಡಿ (ಬರೀ ಗೆರೆಗಳಾಗಿ ಬದಲಿಸಿ), ಆಮೇಲೆ ವೆಲ್ಡ್ ಕೊಟ್ಟು ಎಲ್ಲ ತುಣುಕುಗಳನ್ನೂ ಒಂದೇ ಹೊರಗೆರೆಯಾಗಿ ಬೆಸೆಯಬೇಕು. ಗೆರೆಗಳಷ್ಟೇ ಕಾಣುವ ವೈರ್‌ಫ್ರೇಮ್ ನೋಟಕ್ಕೆ ಬದಲಿಸಿ ನೋಡಿದರೆ ಒಳಗೆ ಅಡ್ಡ ಗೆರೆ ಉಳಿದಿದೆಯೇ ಎಂಬುದು ಕಣ್ಣಿಗೆ ಬೀಳುತ್ತದೆ. ಹೊಸಬರು ವೆಲ್ಡ್ ಬದಲು ಕಂಬೈನ್ ಒತ್ತುತ್ತಾರೆ, ಆಗ ತುಣುಕುಗಳು ಒಂದರ ಮೇಲೊಂದು ಬಿದ್ದ ಜಾಗವೆಲ್ಲ ತೂತು. ತರಬೇತಿ ಪಡೆದು ಪ್ರಮಾಣಪತ್ರ ಹಿಡಿದುಕೊಂಡು ಬಂದವರಲ್ಲಿಯೂ ಇಷ್ಟನ್ನು ಕಲಿತವರು ನನಗೆ ಅಪರೂಪಕ್ಕೆ ಸಿಗುತ್ತಾರೆ. ಏನು ಕಲಿಸಿದರು ಎಂದರೆ ಬಣ್ಣ ಬಣ್ಣದ ಚಿಟ್ಟೆ ಕತ್ತರಿಸಿದ್ದನ್ನು ಮೊಬೈಲಿನಲ್ಲಿ ತೋರಿಸುತ್ತಾರೆ.

ಯಂತ್ರದ ಆಯ್ಕೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಮೊದಲನೆಯದು, ಜೊತೆಗೆ ಉಚಿತವಾಗಿ ಕೊಡುವ ತಂತ್ರಾಂಶ. ಅಂತಹ ಕೆಲವು ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡ ಟೈಪು ಮಾಡಿದರೆ ಒತ್ತು ಕೆಳಗಿಳಿಯದೆ ‘ಲಕ್ಷ್ಮಿ’ ಎಂಬುದು ‘ಲಕ್‌ಷ್‌ಮಿ’ ಎಂದು ಚೆಲ್ಲಾಪಿಲ್ಲಿಯಾಗುತ್ತದೆ. ನಮ್ಮ ಊರಿನ ಡಿಟಿಪಿ ಅಂಗಡಿಗಳಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳು ಇನ್ನೂ ಬದುಕಿರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಕೋರೆಲ್‌ನಲ್ಲಿ ಬೆಸೆದ ಗೆರೆಯನ್ನು ಯಂತ್ರ ನೇರವಾಗಿ ತೆಗೆದುಕೊಳ್ಳುತ್ತದೆಯೇ, ನಡುವೆ ಇನ್ನೊಂದು ತಂತ್ರಾಂಶ ಬೇಕೇ, ಅದರ ಪರವಾನಗಿ ಎಷ್ಟು ವರ್ಷಕ್ಕೆ ಎಂಬುದನ್ನು ಹಣ ಕೊಡುವ ಮೊದಲೇ ಕೇಳಬೇಕು.

ಎರಡನೆಯದು ಮೋಟಾರು. ಅಗ್ಗದ ಯಂತ್ರಗಳಲ್ಲಿ ಇರುವುದು ಸ್ಟೆಪ್ಪರ್ ಮೋಟಾರು. ಅದು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ತಿರುಗುತ್ತದೆ. ಹಾಳೆ ಎಲ್ಲಾದರೂ ತಡೆದು ಒಂದು ಹೆಜ್ಜೆ ತಪ್ಪಿದರೆ ತಪ್ಪಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ, ಅಲ್ಲಿಂದ ಮುಂದಿನ ಅಕ್ಷರಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ. ಸರ್ವೊ ಮೋಟಾರಿನಲ್ಲಿ ತಾನು ಎಲ್ಲಿದ್ದೇನೆ ಎಂದು ತಾನೇ ನೋಡಿಕೊಂಡು ಸರಿಪಡಿಸಿಕೊಳ್ಳುವ ಏರ್ಪಾಡು ಇರುತ್ತದೆ. ಜಪಾನಿನ ಗ್ರಾಫ್ಟೆಕ್, ರೋಲ್ಯಾಂಡ್, ಮಿಮಾಕಿಯಂತಹವು ದುಬಾರಿಯಾಗಲು ಇದು ಮುಖ್ಯ ಕಾರಣ. ನೇರ ಗೆರೆಗಳ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ನಮ್ಮ ಲಿಪಿಯಲ್ಲಿ ನೇರ ಗೆರೆಯನ್ನು ಹುಡುಕಬೇಕು, ಎಲ್ಲವೂ ಸುತ್ತು, ಸುರುಳಿ, ಸೊನ್ನೆ. ಅರ್ಧ ಇಂಚಿನ ‘ಅಂ’ ಬರೆದಾಗ ಪಕ್ಕದ ಸೊನ್ನೆಯ ಒಳಗಿನ ವೃತ್ತ ಸಾಸಿವೆ ಕಾಳಿನಷ್ಟು. ಅದನ್ನು ದುಂಡಗೆ ಸುತ್ತಿ, ಹೊರಟ ಜಾಗಕ್ಕೇ ಬಂದು ಮುಟ್ಟುವ ಯಂತ್ರವೇ ನಮಗೆ ಯಂತ್ರ.

ಜಗಳೂರು ಕಡೆಯ ಹುಡುಗಿಯೊಬ್ಬಳು ಸಾಲಕ್ಕೆ ಅರ್ಜಿ ಹಾಕಿ, ಯಂತ್ರ ನೋಡಲು ಬೆಂಗಳೂರಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಮಾರಾಟ ಮಳಿಗೆಯ ಹುಡುಗ ನಮ್ಮನ್ನು ಕೂರಿಸಿ, ತಣ್ಣನೆಯ ನೀರು ಕೊಟ್ಟು, ರೆಕ್ಕೆ ಬಿಚ್ಚಿದ ಹದ್ದನ್ನು ಕತ್ತರಿಸಿ ತೋರಿಸಿದ. ಹದ್ದು ಚೆನ್ನಾಗಿಯೇ ಬಂತು. ಎಲ್ಲ ಕಡೆ ಹದ್ದನ್ನೇ ತೋರಿಸುತ್ತಾರೆ, ಯಾಕೋ ತಿಳಿಯದು. ನಾನು ಪೆನ್‌ಡ್ರೈವ್ ಕೊಟ್ಟು ನಮ್ಮ ಫೈಲ್ ಹಾಕಿ ಎಂದೆ. ‘ಮೇಡಂ, ಕನ್ನಡವಾದರೇನು ಇಂಗ್ಲಿಷಾದರೇನು, ಯಂತ್ರಕ್ಕೆ ಎಲ್ಲವೂ ಗೆರೆಯೇ’ ಎಂದ. ಗೆರೆಯೇ, ಒಪ್ಪಿದೆ. ಹಾಗಾದರೆ ಹಾಕುವುದಕ್ಕೇನು ಅಡ್ಡಿ?

ಫೈಲಿನಲ್ಲಿ ಇದ್ದದ್ದು ಎರಡು ಸಾಲು: ‘ಶ್ರೀ ದುರ್ಗಾಂಬಿಕಾ ಪ್ರಸನ್ನ’, ಅದರ ಕೆಳಗೆ ‘ಧನಲಕ್ಷ್ಮಿ ಟ್ರೇಡರ್ಸ್’. ಅದೇ ಸಾಲುಗಳು ಮೂರು ಇಂಚು, ಒಂದು ಇಂಚು, ಅರ್ಧ ಇಂಚು ಎತ್ತರದಲ್ಲಿ. ನಮ್ಮ ಊರಿನಲ್ಲಿ ದಿನ ಬೆಳಗಾದರೆ ಕತ್ತರಿಸುವ ಮಾತುಗಳೇ ಇವು. ಅರ್ಕಾವತ್ತು, ಸೊನ್ನೆ, ಒತ್ತಿನ ಕೆಳಗೆ ಒತ್ತು, ಮಹಾಪ್ರಾಣದ ಸೀಳು ಎಲ್ಲವೂ ಇದರಲ್ಲಿ ಬರುತ್ತವೆ. ಮೂರು ಇಂಚಿನದು ನಿರಾಯಾಸವಾಗಿ ಬಂತು. ಒಂದು ಇಂಚಿನದೂ ಪರವಾಗಿಲ್ಲ. ಅರ್ಧ ಇಂಚಿಗೆ ಬಂದಾಗ ಸೊನ್ನೆ ಕೂಡಿಕೊಳ್ಳಲಿಲ್ಲ, ಬಾಯಿ ತೆರೆದುಕೊಂಡೇ ಉಳಿಯಿತು. ಬಿಡಿಸುವುದಕ್ಕೆ ಹೋದರೆ ಷಕಾರದ ಕೆಳಗಿನ ಮಕಾರದ ಒತ್ತು ಕಸದೊಡನೆ ಎದ್ದು ಬಂತು. ‘ಧ’ದ ಕೆಳಗಿನ ಸಣ್ಣ ಕಡ್ಡಿಯೂ ಹೋಯಿತು. ಹುಡುಗಿ ಬಗ್ಗಿ ನೋಡಿ, ‘ಅಕ್ಕಾ, ದನಲಕ್ಷ್ಮಿ ಆಯಿತಲ್ಲ’ ಎಂದಳು. ಧನ ಹೋಗಿ ದನ ಬಂದರೆ ಅಂಗಡಿಯ ಯಜಮಾನರು ನಮ್ಮನ್ನು ಸುಮ್ಮನೆ ಬಿಡುತ್ತಾರೆಯೇ?

ಆ ಹುಡುಗ ಜಾಣ. ವೇಗ ಇಳಿಸಿ, ಬ್ಲೇಡ್ ಆಫ್‌ಸೆಟ್ ಸರಿಪಡಿಸಿ ಇನ್ನೊಮ್ಮೆ ಕತ್ತರಿಸಿದ. ಬ್ಲೇಡಿನ ತುದಿ ತನ್ನ ತಿರುಗುವ ನಡುವಿನಿಂದ ಸುಮಾರು 0.25 ಮಿ.ಮೀ. ಆಚೆ ಇರುತ್ತದೆ. ಆ ಲೆಕ್ಕ ಯಂತ್ರಕ್ಕೆ ತಪ್ಪಾಗಿ ಕೊಟ್ಟಿದ್ದರೆ ಸೊನ್ನೆ ಮುಚ್ಚಿಕೊಳ್ಳುವುದಿಲ್ಲ, ಮೂಲೆಗಳು ಕೊಕ್ಕೆಯಂತಾಗುತ್ತವೆ. ಈ ಸಲ ಸೊನ್ನೆ ಕೂಡಿತು, ಒತ್ತೂ ನಿಂತಿತು. ಅಂದರೆ ಯಂತ್ರ ಪೂರ್ತಿ ಕೆಟ್ಟದ್ದಲ್ಲ. ಆದರೆ ಎಷ್ಟು ನಿಧಾನವಾಗಿ ಓಡಿಸಿದಾಗ ಬಂತು ಎಂಬುದನ್ನು ನಾವು ಬರೆದುಕೊಂಡೆವು. ಕ್ಯಾಟಲಾಗಿನಲ್ಲಿ ಸೆಕೆಂಡಿಗೆ 600 ಮಿ.ಮೀ., 800 ಮಿ.ಮೀ. ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಅರ್ಧ ಇಂಚಿನ ಒತ್ತಕ್ಷರವನ್ನು ಆ ವೇಗದಲ್ಲಿ ಯಾರೂ ಕತ್ತರಿಸುವುದಿಲ್ಲ. ಪಕ್ಕದ ಮೇಜಿನ ಮೇಲಿದ್ದ ಸರ್ವೊ ಯಂತ್ರದಲ್ಲಿ ಅದೇ ಫೈಲನ್ನು ಹಾಕಿಸಿದೆವು. ಅದು ಹೆಚ್ಚು ಸದ್ದಿಲ್ಲದೆ ಮೊದಲ ಸಲಕ್ಕೇ ಕತ್ತರಿಸಿಟ್ಟಿತು. ಎರಡರ ಬೆಲೆಯ ನಡುವಿನ ಅಂತರವನ್ನು ಹುಡುಗಿ ಮೊಬೈಲಿನಲ್ಲಿ ಲೆಕ್ಕ ಹಾಕುತ್ತಾ ಕುಳಿತಳು.

ಕತ್ತರಿಸಿ ನೋಡುವ ಹೊತ್ತಿನಲ್ಲಿ ಇನ್ನೂ ಎರಡು ಪರೀಕ್ಷೆ ಮಾಡಿಸಿ. ಒಂದೇ ಅಕ್ಷರವನ್ನು ಅದೇ ಜಾಗದಲ್ಲಿ ಎರಡು ಸಲ ಕತ್ತರಿಸಲು ಹೇಳಿ. ಎರಡನೆಯ ಗೆರೆ ಮೊದಲನೆಯದರ ಒಳಗೇ ಬೀಳಬೇಕು, ಕೂದಲೆಳೆಯಷ್ಟು ಪಕ್ಕಕ್ಕೆ ಬಿದ್ದರೂ ಬಿಡಿಸುವಾಗ ದಾರ ದಾರವಾಗಿ ಏಳುತ್ತದೆ. ಆಮೇಲೆ ಮೂರು ಮೀಟರ್ ಹಾಳೆಯನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ, ಅದು ಎಷ್ಟು ಓರೆಯಾಗುತ್ತದೆ ನೋಡಿ. ಶಾಲಾ ಬಸ್ಸಿನ ಪಕ್ಕಕ್ಕೆ ಉದ್ದನೆಯ ಪಟ್ಟಿ ಕತ್ತರಿಸುವ ದಿನ ಇದರ ಬೆಲೆ ತಿಳಿಯುತ್ತದೆ.

ಅಗಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿನೈಲ್ ಸುರುಳಿ ನಮಗೆ ಸಿಗುವುದು ಹೆಚ್ಚಾಗಿ ಎರಡಡಿ, ನಾಲ್ಕಡಿ ಅಗಲದಲ್ಲಿ. ಹೊಸಬರಿಗೆ ಎರಡಡಿಯ ಯಂತ್ರ ಧಾರಾಳ. ಕ್ಯಾಟಲಾಗಿನಲ್ಲಿ ಎರಡು ಅಳತೆ ಇರುತ್ತವೆ: ಹಾಳೆ ಹಿಡಿಯುವ ಅಗಲ ಒಂದು, ಕತ್ತರಿಸುವ ಅಗಲ ಇನ್ನೊಂದು. 720 ಎಂದು ಹೆಸರಿಟ್ಟ ಯಂತ್ರ 720 ಮಿ.ಮೀ. ಕತ್ತರಿಸುವುದಿಲ್ಲ. ಮುದ್ರಿಸಿದ ಲೇಬಲ್ಲನ್ನು ಅಂಚು ಹಿಡಿದು ಕತ್ತರಿಸುವ ಆಸೆ ಇದ್ದರೆ ಮುದ್ರಿಸಿದ ಗುರುತು ಓದುವ ಕಣ್ಣು (ಸೆನ್ಸರ್) ಇರುವ ಯಂತ್ರವೇ ಬೇಕು, ಕೊಂಡ ಮೇಲೆ ಅದನ್ನು ಸೇರಿಸಿಕೊಳ್ಳುವುದು ಆಗದ ಮಾತು. ಬ್ಲೇಡ್ ಸಾಮಾನ್ಯ ವಿನೈಲಿಗೆ 45 ಡಿಗ್ರಿ, ಟ್ರ್ಯಾಕ್ಟರ್ ಟ್ರೇಲರಿಗೆ ಅಂಟಿಸುವ ದಪ್ಪನೆಯ ಪ್ರತಿಫಲಕ ಹಾಳೆಗೆ 60 ಡಿಗ್ರಿ. ಆ ಹಾಳೆ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಆ ಕೆಲಸ ಬಹಳ, ಬ್ಲೇಡಿನ ಖರ್ಚನ್ನೂ ದರದಲ್ಲಿ ಸೇರಿಸಿ.

ಅರ್ತಿಂಗ್ ಬಗ್ಗೆ ಮಾತ್ರ ಒತ್ತಿ ಹೇಳಬೇಕು. ಹಳೆಯ ಕಟ್ಟಡಗಳ ಮಳಿಗೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯ ತೂತಿಗೆ ತಂತಿಯೇ ಇರುವುದಿಲ್ಲ. ಹಾಳೆ ಉರುಳೆಗೆ ಉಜ್ಜಿ ಉಜ್ಜಿ ಸ್ಥಿರ ವಿದ್ಯುತ್ ಕೂಡಿಕೊಳ್ಳುತ್ತದೆ, ನಮ್ಮ ಒಣ ಹವೆಯಲ್ಲಿ ಇನ್ನಷ್ಟು. ಅರ್ಧ ಕತ್ತರಿಸಿದ ಮೇಲೆ ಯಂತ್ರ ಇದ್ದಕ್ಕಿದ್ದಂತೆ ಕಂಪ್ಯೂಟರಿನ ಸಂಪರ್ಕ ಕಳೆದುಕೊಂಡು ಎಲ್ಲೆಲ್ಲೋ ಗೆರೆ ಎಳೆಯುತ್ತದೆ. ಯಂತ್ರ ಕೆಟ್ಟಿದೆ ಎಂದು ಬೆಂಗಳೂರಿಗೆ ಹೊತ್ತುಕೊಂಡು ಹೋದವರನ್ನು ಕಂಡಿದ್ದೇನೆ. ಅಲ್ಲಿ ಅದು ಸರಿಯಾಗಿಯೇ ಓಡುತ್ತದೆ. ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಇನ್ನು ಸಾಲದ ಮಾತು. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ಸಾಲದ ಮಿತಿ 50,000 ರೂಪಾಯಿ. ಆ ಮಿತಿಯೊಳಗೆ ಯಾವ ಯಂತ್ರ ಬರುತ್ತದೆಯೋ ಅದೇ ಒಳ್ಳೆಯ ಯಂತ್ರ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಬೆಲೆಪಟ್ಟಿಯಲ್ಲಿ ಕೆಳಗೆ ಸಣ್ಣದಾಗಿ ಬರೆದ ಶೇ 18 ಜಿಎಸ್‌ಟಿ, ಸಾಗಣೆ, ಕಂಪ್ಯೂಟರು, ಮೊದಲ ಸುರುಳಿಗಳು ಇವೆಲ್ಲ ಎಲ್ಲಿಂದ ಬರಬೇಕು? ಕಿಶೋರ ವಿಭಾಗದಲ್ಲಿ 5 ಲಕ್ಷದವರೆಗೆ ಅವಕಾಶವಿದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಮಹಿಳೆಯರಿಗೆ ನಗರದಲ್ಲಾದರೆ ಶೇ 25, ಹಳ್ಳಿಯಲ್ಲಾದರೆ ಶೇ 35 ಸಹಾಯಧನ, ಸ್ವಂತ ಪಾಲು ಶೇ 5 ಸಾಕು. ಆ ಸಹಾಯಧನ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲಿಯೇ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಇಲ್ಲಿ ತೊಡಕು ಏನೆಂದರೆ, ಯೋಜನಾ ವರದಿಗೆ ಲಗತ್ತಿಸಿದ ಬೆಲೆಪಟ್ಟಿಯಲ್ಲಿ ಯಾವ ಯಂತ್ರದ ಹೆಸರು ಹೋಯಿತೋ ಅದನ್ನು ಬದಲಿಸುವುದೆಂದರೆ ಮತ್ತೆ ಕಚೇರಿ ಅಲೆದಾಟ. ಯಂತ್ರವನ್ನು ಕಣ್ಣಿನಿಂದಲೂ ನೋಡದೆ, ವರದಿ ಬರೆದುಕೊಡುವವರು ತಂದುಕೊಟ್ಟ ಬೆಲೆಪಟ್ಟಿಗೆ ಸಹಿ ಹಾಕುವವರೇ ಹೆಚ್ಚು.

ಆ ವರದಿಗಳಲ್ಲಿ ಆದಾಯದ ಮೊದಲ ಸಾಲಿನಲ್ಲಿ ಈಗಲೂ ‘ವಾಹನಗಳ ನಂಬರ್ ಪ್ಲೇಟ್’ ಎಂದು ಇರುವುದನ್ನು ಕಂಡು ನನಗೆ ನಗು ಬರುತ್ತದೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಂಪನಿಯಿಂದಲೇ ಬರುತ್ತದೆ. ಹಳೆಯ ವಾಹನಗಳಿಗೂ ಅದನ್ನೇ ಹಾಕಿಸಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ಆದೇಶಿಸಿತು. ನಮ್ಮ ಕಸುಬಿನ ಅರ್ಧ ಅನ್ನ ಅಲ್ಲಿಗೆ ಹೋಯಿತು. ಇನ್ನು ಕೆಲವರು, ನಾಮಫಲಕದ ಶೇ 60 ಭಾಗ ಕನ್ನಡದಲ್ಲಿ, ಅದೂ ಮೇಲ್ಭಾಗದಲ್ಲಿ ಇರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಿದೆಯಲ್ಲ, ಬೋರ್ಡಿನ ಕೆಲಸಕ್ಕೆ ಕೊನೆಯಿಲ್ಲ ಎನ್ನುತ್ತಾರೆ. ಕೆಲಸ ಬಂದದ್ದು ನಿಜ. ಆದರೆ ದೊಡ್ಡ ಬೋರ್ಡುಗಳು ಹೋಗುವುದು ಅಕ್ರಿಲಿಕ್ ಅಕ್ಷರ, ಎಲ್‌ಇಡಿ ಮಾಡುವವರ ಕಡೆಗೆ. ಇಲ್ಲದಿದ್ದರೆ ಫ್ಲೆಕ್ಸಿನ ಕಡೆಗೆ. ಫ್ಲೆಕ್ಸನ್ನು ರಾಜ್ಯದಲ್ಲಿ 2016ರಲ್ಲಿಯೇ ನಿಷೇಧಿಸಿದ್ದಾರೆ ಎಂದು ನೆನಪಿಸಿದರೆ ಎಲ್ಲರೂ ಹೌದೇ ಎನ್ನುತ್ತಾರೆ, ಫ್ಲೆಕ್ಸಿನ ಕೆಳಗೆ ನಿಂತುಕೊಂಡೇ.

ಕಟಿಂಗ್ ಯಂತ್ರಕ್ಕೆ ಉಳಿದಿರುವುದು ಸಣ್ಣ, ನಾಜೂಕಿನ ಕೆಲಸ. ಎಂಸಿಸಿ ಬಡಾವಣೆಯ ಕ್ಲಿನಿಕ್ಕಿನ ಗಾಜಿನ ಬಾಗಿಲ ಮೇಲೆ ವೈದ್ಯರ ಹೆಸರು, ಪದವಿ, ಸಮಯ. ಅಪಾರ್ಟ್‌ಮೆಂಟಿನ ಕೆಳಗೆ ಮನೆಯವರ ಹೆಸರುಪಟ್ಟಿ. ಕಚೇರಿಯ ಗಾಜನ್ನು ಮಬ್ಬಾಗಿಸುವ ಮಂಜು ಹಾಳೆ. ಆಟೊದ ಹಿಂದೆ ತಾಯಿಯ ಹೆಸರು, ಹಾಲಿನ ವ್ಯಾನಿನ ಮೇಲೆ ಸಂಘದ ಹೆಸರು, ಲಾರಿ ಬಣ್ಣದವರಿಗೆ ಕೊರೆದ ಹಾಳೆ (ಸ್ಟೆನ್ಸಿಲ್). ಗಮನಿಸಿ, ಇವುಗಳಲ್ಲಿ ಹೆಚ್ಚಿನವು ಸಣ್ಣ ಅಕ್ಷರಗಳು, ಅದೂ ಕನ್ನಡದವು. ಮೂರು ಇಂಚಿನ ಅಕ್ಷರವನ್ನು ಎಂತಹ ಯಂತ್ರವೂ ಕತ್ತರಿಸೀತು. ನಮಗೆ ಹಣ ಕೊಡುವುದು ಅರ್ಧ ಇಂಚಿನ ಅಕ್ಷರ. ಹಾಗಾಗಿಯೇ ನಾನು ನಾಲ್ಕಡಿಯ ಅಗ್ಗದ ಯಂತ್ರಕ್ಕಿಂತ ಎರಡಡಿಯ ಒಳ್ಳೆಯ ಯಂತ್ರ ಮೇಲು ಎನ್ನುವುದು. ಹಣ ಹೊಂದದಿದ್ದರೆ ಚೀನಾದ ಎರಡಡಿಯ ಯಂತ್ರವನ್ನೇ ಕೊಳ್ಳಿ, ತಪ್ಪಿಲ್ಲ. ಆದರೆ ನಿಮ್ಮ ಕಣ್ಣೆದುರು ಅರ್ಧ ಇಂಚಿನ ಸೊನ್ನೆ ಕೂಡಿಕೊಳ್ಳದ ಯಂತ್ರವನ್ನು, ಎಷ್ಟು ರಿಯಾಯಿತಿ ಕೊಟ್ಟರೂ, ಕೊಳ್ಳಬೇಡಿ.

ಜಿಲ್ಲೆಯಲ್ಲಿ ಸ್ವಉದ್ಯೋಗ ತರಬೇತಿ ಕೊಡುವ ಸಂಸ್ಥೆಗಳಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ. ಚಿಟ್ಟೆ, ಹದ್ದುಗಳ ಜೊತೆಗೆ ಒಂದು ದಿನವಾದರೂ ಕನ್ನಡ ಅಕ್ಷರ ಬೆಸೆಯುವುದನ್ನೂ ಬಿಡಿಸುವುದನ್ನೂ ಕಲಿಸಿ. ಸಾಲದ ಅರ್ಜಿ ಪರಿಶೀಲಿಸುವ ಅಧಿಕಾರಿಗಳಿಗೆ ಇನ್ನೊಂದು: ಬೆಲೆಪಟ್ಟಿಯ ಜೊತೆಗೆ ಅದೇ ಯಂತ್ರದಲ್ಲಿ ಕತ್ತರಿಸಿದ ಒಂದು ಗೇಣು ಕನ್ನಡ ಮಾದರಿಯನ್ನೂ ಲಗತ್ತಿಸಬೇಕೆಂದು ಕೇಳಿ. ಅರ್ಜಿದಾರರು ಆ ನೆಪದಲ್ಲಾದರೂ ಯಂತ್ರದ ಮುಂದೆ ಒಮ್ಮೆ ನಿಲ್ಲುತ್ತಾರೆ.

ನಾನು ಹೇಳಿದ ಎರಡು ಸಾಲಿನ ಫೈಲ್, ಬೆಸೆದು ಸಿದ್ಧಪಡಿಸಿದ್ದು, ನನ್ನಲ್ಲಿದೆ. ಪೆನ್‌ಡ್ರೈವ್ ತಂದವರಿಗೆ ಹಾಕಿ ಕೊಡುತ್ತೇನೆ, ದುಡ್ಡು ಬೇಡ. ಮಧ್ಯಾಹ್ನ ಊಟದ ಹೊತ್ತಿನ ನಂತರ ಬನ್ನಿ. ಬೆಳಿಗ್ಗೆ ಆಟೊದವರ ಗಲಾಟೆಯಲ್ಲಿ ಮಾತನಾಡಲು ಬಿಡುವು ಸಿಗುವುದಿಲ್ಲ.

ಇಂತಿ ತಮ್ಮ ಓದುಗಿ,
ರೇಡಿಯಂ ಅಂಗಡಿಯವರು,
ಹಳೆ ಪಿ.ಬಿ. ರಸ್ತೆ, ದಾವಣಗೆರೆ